ಜೀವದ ಕೀಲು

ಅಥಣಿಯಿಂದ ಮೂಡಣಕ್ಕೆ, ವಿಜಯಪುರದ ದಿಕ್ಕಿಗೆ ಸಾಗುವ ದಾರಿಯಲ್ಲಿ ತೆಲಸಂಗ ಎಂಬ ಊರಿದೆ. ಮಳೆಯನ್ನು ನೆಚ್ಚಿ ಬದುಕುವ ಸೀಮೆ ಅದು. ಜ್ಯೇಷ್ಠ ಮಾಸದ ಕಾರಹುಣ್ಣಿಮೆಯಂದು ಈ ಭಾಗದ ಹಳ್ಳಿಗಳಲ್ಲಿ ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆಸರ ಕಟ್ಟಿ ಮೆರೆಸುತ್ತಾರೆ. ಅದಾದ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಅಂದು ಮಣ್ಣನ್ನು ತಂದು, ನೆನೆಸಿ, ಹದಮಾಡಿ, ಜೋಡೆತ್ತುಗಳನ್ನು ರೂಪಿಸಿ ಜಗಲಿಯ ಮೇಲಿಟ್ಟು ಪೂಜಿಸುವುದು ವಾಡಿಕೆ. ಮಕ್ಕಳು ಮಾಡಿದ ಎತ್ತುಗಳನ್ನು ಸಾಲಾಗಿ ಇರಿಸಿ ನೋಡಿದರೆ ಒಂದು ಸೋಜಿಗ ಕಾಣುತ್ತದೆ. ಕೆಲವು ಎತ್ತುಗಳಿಗೆ ಕಣ್ಣು, ಮೂಗು, ಗೊರಸು, ಬಾಲ ಎಲ್ಲವೂ ಇದ್ದೂ ಅವು ಮಣ್ಣಾಗಿಯೇ ಉಳಿದಿರುತ್ತವೆ. ಇನ್ನು ಕೆಲವಕ್ಕೆ ಕಣ್ಣೂ ಸರಿಯಾಗಿ ಮೂಡಿರುವುದಿಲ್ಲ. ಆದರೆ ಹಿಣಿಲು ಉಬ್ಬಿದ ರೀತಿ, ಕೊರಳು ತುಸು ವಾರೆಯಾಗಿ ತಿರುಗಿದ ಬಗೆ ಹೇಗಿರುತ್ತದೆಯೆಂದರೆ, ಇನ್ನೇನು ಹೆಜ್ಜೆ ಎತ್ತಿಡುವುದೋ ಎನಿಸುತ್ತದೆ. ಅಂಥ ಎತ್ತನ್ನು ಮಾಡಿದ ಹುಡುಗ ಹದಿನೈದು ದಿನದ ಹಿಂದೆ ಓಡಿದ ಜೀವಂತ ಎತ್ತನ್ನು ಕಣ್ಣಿಟ್ಟು ನೋಡಿದ್ದಾನೆ.

ಎತ್ತು ಕಣ್ಣೆದುರಿಗೆ ಇರುವ ಪ್ರಾಣಿ. ಯಾರೂ ಎಂದೂ ಕಾಣದ ಪ್ರಾಣಿಗೆ ಜೀವದ ಕಳೆ ತರುವುದು ಹೇಗೆ? ಕಥೆ ಪುರಾಣಗಳ ತುಂಬ ಇಂಥ ಪ್ರಾಣಿಗಳೇ ಓಡಾಡುತ್ತವೆ: ಎರಡು ತಲೆಯ ಗಂಡಭೇರುಂಡ, ಸಿಂಹವನ್ನು ಸೋಲಿಸುವ ಶರಭ, ಆನೆಯ ಸೊಂಡಿಲೂ ಸಿಂಹದ ಮೈಯೂ ಉಳ್ಳ ಯಾಳಿ, ಬಾಯ್ದೆರೆದ ಮಕರ. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯಲ್ಲಿ 1047ರಲ್ಲಿ ನಿಲ್ಲಿಸಿದ ಒಂದು ಎತ್ತರವಾದ ಕಂಬದ ಮೇಲೆ ಗಂಡಭೇರುಂಡದ ಮೂರ್ತಿಯಿದೆ. ಮೈ ಮನುಷ್ಯನದು, ತಲೆಗಳೆರಡು ಹಕ್ಕಿಯವು. ಮುಂದೆ ಮೈಸೂರು ಅರಸರ ಲಾಂಛನವಾಗಿ, ಈಗ ಕರ್ನಾಟಕ ರಾಜ್ಯದ ಲಾಂಛನವಾಗಿ ಉಳಿದಿರುವುದು ಇದೇ ಗಂಡಭೇರುಂಡ. ಆದರೆ ಅಲ್ಲಿ ಅದರ ಮೈಯೂ ಹಕ್ಕಿಯದೇ ಆಗಿದೆ. ಇಂಥ ರೂಪಗಳನ್ನು ಸೂಕ್ಷ್ಮವಾಗಿ ಪರಿಶೀಲಿಸಿದರೆ ಅವುಗಳ ಒಂದು ಅಂಗವೂ ಕಾಲ್ಪನಿಕವಲ್ಲ ಎಂಬುದು ತಿಳಿಯುತ್ತದೆ. ಕೊಕ್ಕು ಹದ್ದಿನದು, ಉಗುರು ಹುಲಿಯದು, ಸೊಂಡಿಲು ಆನೆಯದು. ಕಾಲ್ಪನಿಕವಾದದ್ದು ಅವುಗಳ ಕೂಡಿಕೆ ಮಾತ್ರ. ಎರಡು ಕೊರಳುಗಳು ಒಂದೇ ಎದೆಯಿಂದ ಹೊರಡಬೇಕಾದರೆ ಆ ಎದೆ ಎಷ್ಟು ಅಗಲವಾಗಿರಬೇಕು, ಆನೆಯ ತಲೆಯ ಭಾರವನ್ನು ಸಿಂಹದ ಹೆಗಲು ಹೊರಬೇಕಾದರೆ ಆ ಹೆಗಲು ಎಷ್ಟು ದಪ್ಪವಾಗಿರಬೇಕು ಎಂಬ ಲೆಕ್ಕವನ್ನು ಶಿಲ್ಪಿ ಹಾಕಲೇಬೇಕು. ಅದನ್ನು ತಪ್ಪಿದವನ ಕೈಯಲ್ಲಿ ಯಾಳಿಯು ಎರಡು ಪ್ರಾಣಿಗಳನ್ನು ಅಂಟಿಸಿದ ಹಾಗೆ ಕಾಣುತ್ತದೆ.

ಕಲ್ಲಿನ ಪ್ರಾಣಿ ನಿಂತಲ್ಲೇ ನಿಂತರೂ ಸಲ್ಲುತ್ತದೆ. ಆಟದ ಪ್ರಾಣಿಗೆ ಅಷ್ಟು ಸಾಲದು; ಅದು ಚಲಿಸಬೇಕು. ಚಲಿಸಬೇಕಾದರೆ ಅದರ ಮೈಯಲ್ಲಿ ಎಲ್ಲಿಯೋ ಒಂದು ಕೀಲು ಇರಬೇಕು. ಆ ಕೀಲು ಎಲ್ಲಿರಬೇಕು, ಎಷ್ಟಿರಬೇಕು, ಎಷ್ಟು ಬಿಗಿ ಇರಬೇಕು ಎಂಬುದೇ ಈ ವಿದ್ಯೆಯ ತಿರುಳು. ಕನ್ನಡ ನಾಡಿನಲ್ಲಿ ಈ ತಿರುಳನ್ನು ಬಹುಕಾಲದಿಂದ ಅರಿತವರು ತೊಗಲುಗೊಂಬೆಯವರು.

ಬೆಳಗಾವಿ ಜಿಲ್ಲೆಯ ಈ ಭಾಗಕ್ಕೆ ತೊಗಲಿನ ಕೆಲಸ ಹೊಸದಲ್ಲ. ಕೊಲ್ಹಾಪುರಿ ಎಂಬ ಹೆಸರಿನಿಂದ ದೇಶವಿದೇಶಗಳಲ್ಲಿ ಮಾರಾಟವಾಗುವ ಚಪ್ಪಲಿಗಳು ಅಥಣಿ, ನಿಪ್ಪಾಣಿ ಮೊದಲಾದ ಊರುಗಳಲ್ಲಿಯೂ ತಯಾರಾಗುತ್ತವೆ. 2019ರಲ್ಲಿ ಆ ಚಪ್ಪಲಿಗೆ ದೊರೆತ ಭೌಗೋಳಿಕ ಸೂಚಕದ ಮಾನ್ಯತೆಯಲ್ಲಿ ಮಹಾರಾಷ್ಟ್ರದ ಜಿಲ್ಲೆಗಳೊಂದಿಗೆ ಬೆಳಗಾವಿಯೂ ಸೇರಿದೆ. ಚಪ್ಪಲಿಯ ತೊಗಲನ್ನು ಜಾಲಿಯ ತೊಗಟೆ, ಅಳಲೆಕಾಯಿಗಳ ರಸದಲ್ಲಿ ನೆನೆಯಿಟ್ಟು ಹದಮಾಡುತ್ತಾರೆ. ಹಾಗೆ ಹದಗೊಂಡ ತೊಗಲು ಗಟ್ಟಿಯಾಗುತ್ತದೆ, ಕಂದುಬಣ್ಣಕ್ಕೆ ತಿರುಗುತ್ತದೆ, ಬೆಳಕನ್ನು ತಡೆಯುತ್ತದೆ. ಗೊಂಬೆಯ ತೊಗಲಿಗೆ ಈ ಹದ ಕೂಡದು. ಆಡಿನ ಹಸಿ ತೊಗಲನ್ನು ನೆನೆಸಿ, ಕೂದಲನ್ನೂ ಕೊಬ್ಬನ್ನೂ ಹೆರೆದು ತೆಗೆದು, ಎಳೆದು ಕಟ್ಟಿ ಒಣಗಿಸಿದಾಗ ಅದು ಎಣ್ಣೆ ಸವರಿದ ಕಾಗದದಂತೆ ಅರೆಪಾರದರ್ಶಕವಾಗುತ್ತದೆ. ಅದರ ಮೇಲೆ ರೂಪವನ್ನು ಗೀರಿ, ಸಣ್ಣ ಉಳಿಗಳಿಂದ ಒಡವೆ, ಉಡುಗೆ, ಕಿರೀಟಗಳ ಚುಕ್ಕಿಗಳನ್ನು ಕೊರೆದು, ಬಣ್ಣ ತುಂಬಿ, ನಡುವೆ ಸೀಳಿದ ಬಿದಿರುಕಡ್ಡಿಯನ್ನು ಕಟ್ಟಿದರೆ ಗೊಂಬೆ ಸಿದ್ಧ. ಹಿಂದೆ ದೇವರು, ನಾಯಕರ ಗೊಂಬೆಗಳಿಗೆ ಜಿಂಕೆಯ ತೊಗಲೇ ಬೇಕೆಂಬ ನಿಯಮವಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಅದಕ್ಕೆ ಎಡೆಯಿಲ್ಲವಾಯಿತು.

ಈ ಆಟವನ್ನು ಆಡಿಸುತ್ತ ಬಂದವರು ಕಿಳ್ಳೇಕ್ಯಾತರು. ಶಿಳ್ಳೇಕ್ಯಾತರು ಎಂದೂ ಅವರನ್ನು ಕರೆಯುತ್ತಾರೆ. ಮನೆಯಲ್ಲಿ ಮರಾಠಿಗೆ ಹತ್ತಿರವಾದ ನುಡಿ, ಪರದೆಯ ಹಿಂದೆ ಅಚ್ಚಗನ್ನಡ; ಗಡಿನಾಡಿನ ಜನರಿಗೆ ಇದರಲ್ಲಿ ಆಶ್ಚರ್ಯವೇನೂ ತೋರದು. ಊರಿಂದೂರಿಗೆ ಗೊಂಬೆಗಳ ಪೆಟ್ಟಿಗೆ ಹೊತ್ತು ಹೋಗಿ, ರಾಮಾಯಣ ಮಹಾಭಾರತಗಳ ಪ್ರಸಂಗಗಳನ್ನು ಇರುಳಿಡೀ ಆಡಿಸುವುದು ಅವರ ಕಸುಬು. ಮಳೆ ಕೈಕೊಟ್ಟ ವರ್ಷ ಗೊಂಬೆಯಾಟ ಆಡಿಸಿದರೆ ಮಳೆ ಬರುವುದೆಂಬ ನಂಬಿಕೆ ಹಳ್ಳಿಗಳಲ್ಲಿ ಬಲವಾಗಿತ್ತು. ಆಗ ಅವರನ್ನು ಹುಡುಕಿ ಕರೆತರುತ್ತಿದ್ದರು. ಉಳಿದ ದಿನಗಳಲ್ಲಿ ಅವರು ಹೊಳೆಯಲ್ಲಿ ಮೀನು ಹಿಡಿದು ಹೊಟ್ಟೆ ಹೊರೆಯುತ್ತಿದ್ದರು.

ತೊಗಲುಗೊಂಬೆಯ ಕೀಲೆಂದರೆ ಬೇರೇನೂ ಅಲ್ಲ. ಮೈಯಲ್ಲೊಂದು ತೂತು, ತೋಳಿನಲ್ಲೊಂದು ತೂತು, ಎರಡನ್ನೂ ಸೇರಿಸಿ ಪೋಣಿಸಿದ ದಾರ, ದಾರದ ಎರಡು ತುದಿಗೆ ಎರಡು ಗಂಟು. ಗಂಟು ಸಡಿಲವಾದರೆ ತೋಳು ಮುರಿದ ಕೊಂಬೆಯಂತೆ ಜೋತುಬೀಳುತ್ತದೆ. ಬಿಗಿಯಾದರೆ ಎತ್ತಿದ ಕೈ ಇಳಿಯದು. ಎತ್ತಿದ ಕೈ ತನ್ನ ಭಾರಕ್ಕೆ ತಾನೇ ಮೆಲ್ಲಗೆ ಇಳಿಯುವಷ್ಟು ಬಿಗಿ ಇರಬೇಕು. ಆ ಅಳತೆಯನ್ನು ಯಾವ ಗ್ರಂಥವೂ ಹೇಳದು. ಅದನ್ನು ಬೆರಳು ಬಲ್ಲದು. ಇನ್ನೂ ವಿಶೇಷವೆಂದರೆ, ಕರ್ನಾಟಕದ ಗೊಂಬೆಗಳಲ್ಲಿ ಎಷ್ಟೋ ದೊಡ್ಡ ಪಾತ್ರಗಳಿಗೆ ಕೀಲೇ ಇಲ್ಲ. ಸಿಂಹಾಸನದ ಮೇಲೆ ಕುಳಿತ ರಾವಣ, ಅವನ ಹತ್ತು ತಲೆ, ಇಪ್ಪತ್ತು ತೋಳು ಎಲ್ಲವೂ ಒಂದೇ ತೊಗಲಿನಲ್ಲಿ ಅಡಕವಾಗಿರುವುದುಂಟು. ಗಾಂಭೀರ್ಯವುಳ್ಳವನು ಸುಮ್ಮನೆ ಕೈಕಾಲು ಆಡಿಸಬಾರದೆಂದೇ ಈ ಏರ್ಪಾಡು. ಕೈ, ಕಾಲು, ಸೊಂಟಗಳೆಲ್ಲ ಬಳುಕುವ ಗೊಂಬೆ ಬೇರೆ ಇದೆ: ಹಾಸ್ಯಗಾರ ಕಿಳ್ಳೇಕ್ಯಾತ. ಅವನೂ ಅವನ ಹೆಂಡತಿ ಬಂಗಾರಕ್ಕನೂ ಪರದೆಗೆ ಬಂದರೆ ತೂಕಡಿಸುತ್ತಿದ್ದ ಸಭೆ ಎಚ್ಚರಗೊಳ್ಳುತ್ತದೆ. ಚಲನೆಯನ್ನು ಎಲ್ಲರಿಗೂ ಸಮನಾಗಿ ಹಂಚದೆ, ಯಾರಿಗೆ ಎಷ್ಟು ಸಲ್ಲಬೇಕೋ ಅಷ್ಟೇ ಕೊಟ್ಟ ಈ ವಿವೇಕವನ್ನು ಇಂದಿನ ಯಂತ್ರಗೊಂಬೆಗಳ ರಚನಕಾರರು ಗಮನಿಸಬೇಕಾಗಿದೆ.

ಕೀಲಿಲ್ಲದ ರಾವಣನು ಹಾಗಾದರೆ ಜೀವಂತನಾಗಿ ತೋರುವುದು ಹೇಗೆ? ಗೊಂಬೆಯನ್ನು ಪರದೆಗೆ ಒತ್ತಿ ಹಿಡಿದರೆ ಅದರ ಗೆರೆಗಳು ಸ್ಫುಟವಾಗುತ್ತವೆ. ತುಸು ಹಿಂದೆಗೆದರೆ ಅದು ಮಸುಕಾಗಿ ಹಿಗ್ಗುತ್ತದೆ. ಕೋಪಗೊಂಡ ರಾವಣನನ್ನು ಹಿಂದಕ್ಕೂ ಮುಂದಕ್ಕೂ ನಡುಗಿಸಿದರೆ ಅವನ ಆಕಾರ ಉಬ್ಬಿ ಉಬ್ಬಿ ಮೂಡುತ್ತದೆ. ಇದಕ್ಕೆ ಹಿಂದಿನ ಎಣ್ಣೆದೀಪದ ನೆರವೂ ಇತ್ತು. ದೀಪದ ಕುಡಿ ಗಾಳಿಗೆ ಅಲುಗಿದಾಗ ಬೆಳಕು ಏರಿಳಿದು, ಅಲುಗಾಡದೆ ನಿಂತ ಗೊಂಬೆಯೂ ಉಸಿರಾಡಿದಂತೆ ಕಾಣುತ್ತಿತ್ತು. ವಿದ್ಯುದ್ದೀಪ ಬಂದ ಮೇಲೆ ಪರದೆ ಹೆಚ್ಚು ಬೆಳಗಿತು, ಬಣ್ಣಗಳು ಹೆಚ್ಚು ಹೊಳೆದವು. ಆ ಉಸಿರು ಮಾತ್ರ ನಿಂತಿತು.

ಚಲಿಸುವ ಪ್ರಾಣಿಯನ್ನು ರೂಪಿಸುವ ಮತ್ತೊಂದು ಮಾರ್ಗವೂ ಜಾನಪದದಲ್ಲಿದೆ. ಅದು ಮನುಷ್ಯನನ್ನೇ ಪ್ರಾಣಿಯೊಳಗೆ ನಿಲ್ಲಿಸುವ ಮಾರ್ಗ. ಬಿದಿರಿನ ಕುದುರೆಯನ್ನು ಸೊಂಟಕ್ಕೆ ಕಟ್ಟಿಕೊಂಡು, ಕೆಳಗೆ ಬಟ್ಟೆಯ ಝಾಲರಿ ಇಳಿಬಿಟ್ಟು ಕುಣಿಯುವ ಕುದುರೆಗೆ ಜನ ಕೀಲುಕುದುರೆ ಎಂದು ಹೆಸರಿಟ್ಟರು. ಅಲ್ಲಿರುವ ಕೀಲು ಕುಣಿಯುವವನ ಮೊಣಕಾಲೇ. ಮೆರವಣಿಗೆಗಳಲ್ಲಿ ಬರುವ ಆಳೆತ್ತರ ಮೀರಿದ ಗಾರುಡಿಗೊಂಬೆಯ ಒಳಗೂ ಬೆವರುತ್ತಿರುವ ಒಬ್ಬ ಮನುಷ್ಯನಿರುತ್ತಾನೆ. ಕಥೆಗಳಲ್ಲಿ ಬರುವ ಕೀಲುಕುದುರೆ ಬೇರೆಯೇ ಬಗೆಯದು. ಅದು ಮರದ್ದಾಗಿದ್ದೂ ಆಕಾಶಕ್ಕೆ ಹಾರುತ್ತದೆ. ಅರೇಬಿಯದ ಇರುಳ ಕಥೆಗಳಲ್ಲಿಯೂ ಇಂಥದೊಂದು ಕುದುರೆಯುಂಟು. ಮೇಲೇರಿಸುವ ಕೀಲನ್ನು ಕಂಡುಕೊಂಡು ಹಾರಿಹೋದ ರಾಜಕುಮಾರನಿಗೆ ಇಳಿಸುವ ಕೀಲು ಎಲ್ಲಿದೆಯೆಂದು ತಿಳಿಯದೆ ಮುಗಿಲಲ್ಲಿ ಪರದಾಡುವ ಸಂದರ್ಭವನ್ನು ಕೇಳಿ ನಗದ ಮಕ್ಕಳಿಲ್ಲ.

ಈ ಕಲ್ಪನೆಗಳು ಕೇವಲ ಕಥೆಗಾರರ ಪಾಲಿಗೆ ಉಳಿಯಲಿಲ್ಲ. ಉಜ್ಜಯಿನಿಯ ಅರಸನು ಒಳಗೆ ಯೋಧರನ್ನು ಅಡಗಿಸಿದ ಮರದ ಆನೆಯನ್ನು ಕಾಡಿನಲ್ಲಿ ನಿಲ್ಲಿಸಿ, ಗಜಪ್ರಿಯನಾದ ಉದಯನನನ್ನು ಸೆರೆಹಿಡಿದ ಕಥೆ ಪ್ರಸಿದ್ಧವಾದುದು. ಹನ್ನೊಂದನೆಯ ಶತಮಾನದಲ್ಲಿ ಧಾರಾನಗರದ ಭೋಜರಾಜನ ಹೆಸರಿನಲ್ಲಿ ರಚಿತವಾದ 'ಸಮರಾಂಗಣಸೂತ್ರಧಾರ'ದಲ್ಲಿ ಯಂತ್ರಗಳಿಗೆಂದೇ ಒಂದು ಅಧ್ಯಾಯವಿದೆ. ಈ ಭೋಜನು ಕನ್ನಡ ನಾಡಿಗೆ ಅಪರಿಚಿತನಲ್ಲ. ಕಲ್ಯಾಣದ ಚಾಲುಕ್ಯ ಮೊದಲನೆಯ ಸೋಮೇಶ್ವರನು ಅವನ ರಾಜಧಾನಿಯ ಮೇಲೆ ದಂಡೆತ್ತಿ ಹೋದವನು. ಕುಣಿಯುವ ಬೊಂಬೆ, ನೀರು ಕುಡಿಯುವ ಆನೆ, ಬಾಗಿಲು ಕಾಯುವ ಮರದ ಭಟ, ಹಾರುವ ಮರದ ಹಕ್ಕಿ ಇವೆಲ್ಲ ಆ ಅಧ್ಯಾಯದಲ್ಲಿ ಬರುತ್ತವೆ. ಅವುಗಳಲ್ಲಿ ಎಷ್ಟು ನಿಜವಾಗಿ ನಡೆದವು, ಎಷ್ಟು ಬಯಕೆಯ ಮಾತು ಎಂಬ ಪ್ರಶ್ನೆ ಇದ್ದೇ ಇದೆ. ಹಾರುವ ಹಕ್ಕಿಯನ್ನು ನಂಬುವುದಕ್ಕಂತೂ ಆಧಾರವಿಲ್ಲ. ಆದರೆ ಒಳ್ಳೆಯ ಯಂತ್ರದ ಗುಣಗಳೆಂದು ಅಲ್ಲಿ ಎಣಿಸಿರುವ ಮಾತುಗಳು ಕೆಲಸ ಬಲ್ಲವನ ಮಾತುಗಳು. ಭಾಗಗಳ ಕೂಡಿಕೆ ಹೊರಗೆ ಕಾಣಬಾರದು. ಅದು ಸಡಿಲವೂ ಆಗಿರಬಾರದು, ಅತಿ ಬಿಗಿಯೂ ಆಗಿರಬಾರದು. ಸದ್ದು ಬೇಡವಾದಲ್ಲಿ ಸದ್ದು ಮಾಡಬಾರದು, ಸದ್ದೇ ಉದ್ದೇಶವಾದಲ್ಲಿ ಅದು ಜೋರಾಗಿ ಕೇಳಬೇಕು. ನಡೆಯು ತಾಳಲಯಗಳಿಗೆ ಹೊಂದಬೇಕು. ತೊಗಲುಗೊಂಬೆಯವನ ದಾರದ ಗಂಟಿಗೂ ಇದೇ ಲಕ್ಷಣವಲ್ಲವೆ? ಯಂತ್ರಗಳ ರಚನೆಯ ವಿವರವನ್ನು ತಿಳಿಯದೆ ಬಿಟ್ಟಿಲ್ಲ, ಗುಟ್ಟು ಉಳಿಯಲೆಂದು ಬಿಟ್ಟಿದೆ ಎಂಬ ಅಭಿಪ್ರಾಯವೂ ಆ ಗ್ರಂಥದಲ್ಲಿದೆ. ಗುಟ್ಟು ಉಳಿಯಿತು, ವಿದ್ಯೆ ಉಳಿಯಲಿಲ್ಲ. ಅದಕ್ಕೂ ಈಚೆಗೆ, 1206ರಲ್ಲಿ, ಅಲ್ ಜಝರಿ ಎಂಬ ಶಿಲ್ಪಿಯು ತನ್ನ ಯಂತ್ರಗಳನ್ನು ಚಿತ್ರಸಹಿತ ಬರೆದಿಟ್ಟನು. ಆನೆಯ ಬೆನ್ನ ಮೇಲೆ ಮಾವುತ, ಸರ್ಪ, ಹಕ್ಕಿಗಳನ್ನು ಕೂಡಿಸಿ ನೀರಿನ ಬಲದಿಂದ ಗಂಟೆ ತೋರುವ ಅವನ ಗಡಿಯಾರವನ್ನು ಆ ಪುಸ್ತಕದ ಆಧಾರದ ಮೇಲೆ ಈ ಕಾಲದಲ್ಲಿ ಮರಳಿ ಕಟ್ಟಲು ಸಾಧ್ಯವಾಗಿದೆ.

ಕರ್ನಾಟಕದ ಮಣ್ಣಿನಲ್ಲಿ ಹುಟ್ಟಿ ಜಗತ್ಪ್ರಸಿದ್ಧವಾದ ಯಂತ್ರಪ್ರಾಣಿಯೆಂದರೆ ಟೀಪು ಸುಲ್ತಾನನ ಹುಲಿ. ಹುಲಿಯು ಟೀಪುವಿನ ರಾಜಚಿಹ್ನೆ. ಅವನ ಸಿಂಹಾಸನ, ಆಯುಧ, ಸೈನಿಕರ ಉಡುಪುಗಳಲ್ಲೆಲ್ಲ ಹುಲಿಯ ಮೊಗವೋ ಪಟ್ಟೆಯೋ ಇರುತ್ತಿತ್ತು. ಮರದಲ್ಲಿ ಕೆತ್ತಿ ಬಣ್ಣ ಬಳಿದ ಈ ಹುಲಿಯು ಸುಮಾರು ಒಂದೂಮುಕ್ಕಾಲು ಮೀಟರು ಉದ್ದವಾಗಿದ್ದು, ಅಂಗಾತ ಬಿದ್ದ ಒಬ್ಬ ಯುರೋಪಿಯನ್ನನ ಮೇಲೆ ಎರಗಿ ನಿಂತಿದೆ. ಪಕ್ಕದ ಹಿಡಿಯನ್ನು ತಿರುವಿದರೆ ಮನುಷ್ಯನ ಮೈಯೊಳಗಿನ ತಿದಿ ಗಾಳಿಯೂದಿ ಗಂಟಲಿನ ಕೊಳವೆಯಲ್ಲಿ ಗೋಳಿನ ದನಿ ಹೊರಡುತ್ತದೆ. ಅವನ ಎಡಗೈ ಬಾಯಿಯ ಬಳಿ ಏರಿಳಿಯುತ್ತದೆ; ಕೈಯ ಏರಿಳಿತಕ್ಕೆ ತಕ್ಕಂತೆ ಗೋಳಿನ ಸ್ವರವೂ ಬದಲಾಗುತ್ತದೆ. ಹುಲಿಯ ತಲೆಯೊಳಗಿನ ಇನ್ನೊಂದು ಕೊಳವೆಯಿಂದ ಗುರುಗುಟ್ಟುವಿಕೆ ಕೇಳಿಸುತ್ತದೆ. ಹುಲಿಯ ಪಕ್ಕೆಯ ಮುಚ್ಚಳ ತೆರೆದರೆ ದಂತದ ಕೀಲಿಗಳುಳ್ಳ ಒಂದು ವಾದ್ಯವೂ ಇದೆ. ಕೆತ್ತನೆ ಇಲ್ಲಿಯ ಕೈಯದು. ಒಳಗಿನ ಯಂತ್ರಕ್ಕೆ ಫ್ರೆಂಚ್ ಕುಶಲಿಗಳ ನೆರವು ಇದ್ದಿರಬಹುದೆಂದು ವಿದ್ವಾಂಸರು ಊಹಿಸುತ್ತಾರೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಇಷ್ಟೆಲ್ಲ ಆರ್ಭಟದಲ್ಲಿ ಹುಲಿ ಅಲುಗುವುದೇ ಇಲ್ಲ. ಅದರ ಕಾಲು ಆಡದು, ಬಾಲ ಆಡದು, ಕಣ್ಣು ತಿರುಗದು. ಅಲುಗುವುದು ಮನುಷ್ಯನ ಒಂದು ಕೈ ಮಾತ್ರ. ಆದರೆ ನೋಡಿದವರು ಹುಲಿಯ ಭಯಂಕರತೆಯನ್ನೇ ಹೊಗಳಿದರು. ಬಲಿಯಾದವನ ಕೈಗೆ ಕೀಲು ಇಟ್ಟು ಬಲಿತೆಗೆದುಕೊಂಡ ಪ್ರಾಣಿಗೆ ಜೀವ ತಂದ ಆ ಅನಾಮಿಕ ಶಿಲ್ಪಿಯ ಜಾಣ್ಮೆಗೆ ಸಾಟಿಯಿಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಈ ಯಂತ್ರ ಇಂಗ್ಲಿಷರ ಕೈವಶವಾಗಿ, 1808ರಲ್ಲಿ ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿಯ ಭವನದಲ್ಲಿ ಪ್ರದರ್ಶನಕ್ಕೆ ಬಂತು. ಬಂದವರೆಲ್ಲ ಹಿಡಿ ತಿರುವಿ ತಿರುವಿ, ಅಲ್ಲಿಯ ವಾಚನಾಲಯದ ಓದುಗರಿಗೆ ಸಾಕುಸಾಕಾಯಿತು. ಕೊನೆಗೊಮ್ಮೆ ಹಿಡಿಯೇ ಕಾಣೆಯಾಯಿತು! ಎರಡನೆಯ ಮಹಾಯುದ್ಧದಲ್ಲಿ ಬಾಂಬಿನ ದಾಳಿಯಿಂದ ಮಾಳಿಗೆ ಕುಸಿದು ಹುಲಿ ನೂರಾರು ಚೂರಾದಾಗ, ಚೂರುಗಳನ್ನೆಲ್ಲ ಆಯ್ದು 1947ರ ವೇಳೆಗೆ ಮತ್ತೆ ಜೋಡಿಸಿದರು. ಈಗ ಅದು ಲಂಡನ್ನಿನ ವಿಕ್ಟೋರಿಯ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ.

ಕೈಯಿಂದ ತಿರುವುವ ಹಿಡಿಯ ಸ್ಥಾನಕ್ಕೆ ಈ ಕಾಲದಲ್ಲಿ ವಿದ್ಯುತ್ ಮೋಟಾರು, ದ್ರವದ ಒತ್ತಡದ ಕೊಳವೆ, ಗಣಕಯಂತ್ರಗಳು ಬಂದಿವೆ. ಮರದ ಮೈಯ ಬದಲು ಉಕ್ಕಿನ ಎಲುಬು, ರಬ್ಬರಿನ ಚರ್ಮ. 1993ರಲ್ಲಿ ತೆರೆಕಂಡ 'ಜುರಾಸಿಕ್ ಪಾರ್ಕ್' ಚಿತ್ರಕ್ಕಾಗಿ ಸ್ಟ್ಯಾನ್ ವಿನ್‌ಸ್ಟನ್ ಎಂಬವರ ತಂಡ ಸುಮಾರು ನಲವತ್ತು ಅಡಿ ಉದ್ದದ ಡೈನೋಸಾರನ್ನು ನಿರ್ಮಿಸಿತು. ಮಳೆಯ ದೃಶ್ಯದ ಚಿತ್ರೀಕರಣದಲ್ಲಿ ಅದರ ಚರ್ಮ ನೀರು ಹೀರಿ ಭಾರವಾಗಿ, ಲೆಕ್ಕಕ್ಕೆ ಮೀರಿದ ತೂಕವನ್ನು ಹೊರಲಾರದೆ ಇಡೀ ಪ್ರಾಣಿ ಚಳಿ ಹಿಡಿದಂತೆ ನಡುಗತೊಡಗಿತು. ಕೆಲಸಗಾರರು ವಸ್ತ್ರ ಹಿಡಿದು ಅದರ ಮೈ ಒರೆಸಬೇಕಾಯಿತು. ಫ್ರಾನ್ಸಿನ ನಾಂತ್ ನಗರದಲ್ಲಿ 2007ರಿಂದ ಹನ್ನೆರಡು ಮೀಟರು ಎತ್ತರದ, 48 ಟನ್ನು ತೂಕದ ಒಂದು ಆನೆ ಜನರನ್ನು ಹೊತ್ತು ನಡೆಯುತ್ತಿದೆ. ಆ ಊರಿನವನೇ ಆದ ಜೂಲ್ಸ್ ವರ್ನ್ ಎಂಬ ಕಾದಂಬರಿಕಾರನು 1880ರಲ್ಲಿ ಭಾರತದಲ್ಲಿ ಸಂಚರಿಸುವ ಉಗಿಯಾನೆಯೊಂದನ್ನು ಕಲ್ಪಿಸಿದ್ದನು. ನಾಂತ್‌ನ ಆನೆಗೆ ಚರ್ಮವನ್ನೇ ಹೊದಿಸಿಲ್ಲ. ಮರದ ಹಲಗೆಗಳೂ ಉಕ್ಕಿನ ಕೀಲುಗಳೂ ಎಲ್ಲರಿಗೂ ಕಾಣುತ್ತವೆ. ಆದರೂ ಅದು ಸೊಂಡಿಲೆತ್ತಿ ನೀರು ಚಿಮ್ಮಿಸಿದಾಗ ಮಕ್ಕಳು ಚೀರಿ ಹಿಂದೆ ಸರಿಯುತ್ತಾರೆ. ಕೂಡಿಕೆ ಕಾಣಬಾರದೆಂಬ ಭೋಜನ ಗ್ರಂಥದ ಮಾತು ಇಲ್ಲಿ ಸೋತಿದೆ ಎಂದೇ ಹೇಳಬೇಕು.

ಇಂಥ ಪ್ರಾಣಿಗಳಿಂದ ಬೇರೊಂದು ಬಗೆಯ ಪ್ರಯೋಜನವೂ ಒದಗಿದೆ. ಕೇರಳದ ತ್ರಿಶೂರು ಜಿಲ್ಲೆಯ ಇರಿಂಜಾಡಪ್ಪಿಳ್ಳಿಯ ಕೃಷ್ಣ ದೇವಾಲಯದಲ್ಲಿ 2023ರಲ್ಲಿ ಜೀವಂತ ಆನೆಯ ಬದಲು ಯಂತ್ರದ ಆನೆಯನ್ನು ಉತ್ಸವಕ್ಕೆ ನಿಲ್ಲಿಸಿದರು. ಹತ್ತಡಿಗೂ ಮಿಕ್ಕ ಎತ್ತರ, ಸುಮಾರು 800 ಕಿಲೋಗ್ರಾಮು ತೂಕ. ಕಿವಿ, ಕಣ್ಣು, ಬಾಯಿ, ಬಾಲಗಳು ವಿದ್ಯುತ್ತಿನಿಂದ ಆಡುತ್ತವೆ. ಮುಂದೆ ಕರ್ನಾಟಕದ ಕೆಲವು ಮಠ ದೇವಾಲಯಗಳೂ ಈ ದಾರಿ ಹಿಡಿದವು. ಇದು ಭಕ್ತಿಗೆ ಒಪ್ಪುವುದೇ ಎಂದು ಕೇಳುವವರಿದ್ದಾರೆ. ತಲೆತಲಾಂತರದಿಂದ ಉತ್ಸವದ ದೇವರು ಮರದ ನಂದಿ, ಮರದ ಗರುಡ, ಮರದ ಹಂಸಗಳ ಮೇಲೆ ಕುಳಿತೇ ಬೀದಿಗೆ ಬಂದಿದ್ದಾನೆ ಎಂಬುದನ್ನು ಅವರು ನೆನೆಯುವುದಿಲ್ಲ. ಪಟಾಕಿಯ ಸದ್ದಿಗೂ ಪಂಜಿನ ಬೆಂಕಿಗೂ ಬೆದರಿ, ಕಾಲಿನ ಸರಪಳಿಯನ್ನು ಜಗ್ಗುತ್ತ ನಿಲ್ಲಬೇಕಾಗಿದ್ದ ಒಂದು ಆನೆಯ ಸಂಕಟ ಅಷ್ಟರಮಟ್ಟಿಗೆ ತಪ್ಪಿತು.

ಯಂತ್ರದ ಆನೆಗೆ ಹಣ ಕೂಡಿಸುವವರು ದೊರೆಯುತ್ತಾರೆ. ದಾರದ ಗಂಟಿನಲ್ಲಿ ರಾವಣನನ್ನು ಕುಣಿಸುವವರಿಗೆ ಅಷ್ಟು ಸುಲಭವಾಗಿ ದೊರೆಯುವುದಿಲ್ಲ. ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರು ತಮ್ಮ ಜೀವಮಾನವನ್ನೇ ತೊಗಲುಗೊಂಬೆಗೆ ಸವೆಸಿದವರು. 2025ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಾಗ ಅವರ ವಯಸ್ಸು ತೊಂಬತ್ತನ್ನು ದಾಟಿತ್ತು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ರಂಗಭೂಮಿಯಿಂದ ಈ ಕಲೆಗೆ ಬಂದು, ಗಾಂಧೀಜಿಯ ಜೀವನವನ್ನೂ ಸ್ವಾತಂತ್ರ್ಯ ಹೋರಾಟವನ್ನೂ ತೊಗಲಿನಲ್ಲಿ ಕೊರೆಯಿಸಿ ಪರದೆಗೆ ತಂದರು. 2023ರಲ್ಲಿ ಅವರು ತೀರಿಕೊಂಡರು. ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿಗಾಗಿ ಎಂ. ಎಸ್. ನಂಜುಂಡರಾಯರು ಹಳ್ಳಿಹಳ್ಳಿ ತಿರುಗಿ ಹಳೆಯ ಗೊಂಬೆಗಳನ್ನು ಸಂಗ್ರಹಿಸಿದ್ದರಿಂದ ಎಷ್ಟೋ ರೂಪಗಳು ಉಳಿದುಕೊಂಡಿವೆ.

ಗೊಂಬೆಯವರ ಸಂಪ್ರದಾಯ ಬೇರೆಯಿತ್ತು. ಹರಿದು ಹಳತಾದ ಗೊಂಬೆಯನ್ನು ಅವರು ಬಿಸಾಡುತ್ತಿರಲಿಲ್ಲ, ಕೂಡಿಟ್ಟುಕೊಳ್ಳುತ್ತಲೂ ಇರಲಿಲ್ಲ. ಪೂಜೆ ಮಾಡಿ ಹೊಳೆಯ ನೀರಿಗೆ ಬಿಡುತ್ತಿದ್ದರು. ಆ ಜಾಗಕ್ಕೆ ಹೊಸ ತೊಗಲು ಹದಮಾಡಿ ಇನ್ನೊಂದು ಗೊಂಬೆಯನ್ನು ಕೊರೆಯಬೇಕಾಗುತ್ತಿತ್ತು. ಹಾಗೆ ಕೊರೆಯುವಾಗ ಉಳಿ ಹಿಡಿಯುವ ಕ್ರಮವನ್ನೂ ಗಂಟು ಬಿಗಿಯುವ ಅಳತೆಯನ್ನೂ ಮನೆಯ ಮಕ್ಕಳು ಪಕ್ಕದಲ್ಲಿ ಕುಳಿತು ಕಲಿಯುತ್ತಿದ್ದರು.